ತಾಳಗುಂದ, ಈಸೂರು ಇಲ್ಲೇ ಇದ್ರೂ ಇತಿಹಾಸ ಯಾಕೆ ಬೋರು? ಹೊಸ ಮೇಷ್ಟ್ರಿಗೆ ಸಿಗೋ ತರಬೇತಿಯಲ್ಲಿ ಏನಿದೆ, ಏನಿಲ್ಲ

ಶಿಕಾರಿಪುರ: ಜೂನ್ ಬಂತು ಅಂದ್ರೆ ಪೇಟೆಯ ಬುಕ್ ಸ್ಟಾಲ್‌ಗಳ ಮುಂದೆ ರಶ್. ನೋಟ್‌ಬುಕ್, ಜಿಯಾಮೆಟ್ರಿ ಬಾಕ್ಸ್ ಜೊತೆ ಹತ್ತನೇ ಕ್ಲಾಸಿನ ಮಕ್ಕಳು ಕೇಳುವ ಇನ್ನೊಂದು ಐಟಂ ಸಮಾಜ ವಿಜ್ಞಾನದ ಗೈಡ್. ಸರ್ಕಾರಿ ಶಾಲೆಯಲ್ಲಿ ಪಠ್ಯಪುಸ್ತಕ ಉಚಿತ, ಗೈಡ್‌ಗೆ ಮಾತ್ರ ದುಡ್ಡು ಕೊಡಬೇಕು. ಯುದ್ಧಕ್ಕೆ ಕಾರಣ ಐದು, ಪರಿಣಾಮ ಐದು, ಇಸವಿ ಇಷ್ಟು, ಒಪ್ಪಂದದ ಹೆಸರು ಇದು. ಬಾಯಿಪಾಠ ಮಾಡಿ ಬರೆದು ಬಂದರೆ ಮುಗೀತು. ಪರೀಕ್ಷೆ ಆದ ಮೇಲೆ ಅದೇ ಗೈಡ್ ಗುಜರಿಗೆ ಹೋಗುತ್ತೆ, ಓದಿದ್ದೂ ಅದರ ಜೊತೆಗೇ ಹೋಗುತ್ತೆ.

ಇದು ನಡೆಯೋದು ಎಂಥಾ ತಾಲೂಕಿನಲ್ಲಿ ಅನ್ನೋದೇ ವಿಚಿತ್ರ. ಕದಂಬರ ಕಥೆ ಹೇಳುವ ಕಂಬ ತಾಳಗುಂದದಲ್ಲಿದೆ. ಒಂದು ಕಾಲಕ್ಕೆ ಬನವಾಸಿ ನಾಡಿನ ದೊಡ್ಡ ಪಟ್ಟಣವಾಗಿದ್ದ ಬಳ್ಳಿಗಾವಿ ಶಿರಾಳಕೊಪ್ಪದ ಪಕ್ಕದಲ್ಲಿದೆ. 1942ರಲ್ಲಿ ನಾವು ಸ್ವತಂತ್ರರು ಅಂತ ಸಾರಿದ ಈಸೂರು ಇದೇ ತಾಲೂಕಿನದ್ದು. ಇಷ್ಟೆಲ್ಲ ಇದ್ದೂ ನಮ್ಮ ಮಕ್ಕಳಿಗೆ ಇತಿಹಾಸ ಅಂದ್ರೆ ಆಕಳಿಕೆ ಬರೋದು ಯಾಕೆ? ಮಕ್ಕಳನ್ನು ಬೈಯೋದು ಸುಲಭ, ಮೇಷ್ಟ್ರನ್ನು ಬೈಯೋದು ಇನ್ನೂ ಸುಲಭ. ಆದರೆ ಹೊಸದಾಗಿ ಕೆಲಸಕ್ಕೆ ಸೇರುವ ಇತಿಹಾಸದ ಮೇಷ್ಟ್ರು ಹೇಗೆ ತಯಾರಾಗ್ತಾರೆ ಅನ್ನೋದನ್ನ ಒಮ್ಮೆ ನೋಡಿದರೆ ಸಮಸ್ಯೆ ಎಲ್ಲಿದೆ ಅಂತ ಅರ್ಥವಾಗುತ್ತೆ.

ಒಂದು ಪುಸ್ತಕ, ಆರು ವಿಷಯ

ಮೊದಲನೇ ವಿಷಯ, ನಮ್ಮ ಹೈಸ್ಕೂಲುಗಳಲ್ಲಿ ‘ಇತಿಹಾಸದ ಮೇಷ್ಟ್ರು’ ಅನ್ನೋ ಹುದ್ದೆಯೇ ಇಲ್ಲ. ಇರೋದು ಸಮಾಜ ವಿಜ್ಞಾನ ಶಿಕ್ಷಕರು. ರಾಜ್ಯ ಪಠ್ಯಕ್ರಮದ ಸಮಾಜ ವಿಜ್ಞಾನದಲ್ಲಿ ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಅಂತ ಆರು ಭಾಗ. ಇವತ್ತು ಪ್ಲಾಸಿ ಕದನ ಹೇಳಿದವರೇ ನಾಳೆ ಮಣ್ಣಿನ ವಿಧ ಹೇಳಬೇಕು, ನಾಡಿದ್ದು ಬ್ಯಾಂಕ್ ವ್ಯವಹಾರ ಹೇಳಬೇಕು.

ಹಾಗಂತ ಒಬ್ಬರೇ ಆರನ್ನೂ ಓದಿರಲು ಸಾಧ್ಯವಿಲ್ಲ. ಬಿಎ ಅಂದ್ರೆ ನಮ್ಮ ಕಡೆ ಹೆಚ್ಚಾಗಿ ಎಚ್‌ಇಪಿ, ಎಚ್‌ಇಎಸ್ ಥರದ ಮೂರು ವಿಷಯಗಳ ಕಾಂಬಿನೇಷನ್. ಇತಿಹಾಸ ಚೆನ್ನಾಗಿ ಓದಿದವರಿಗೆ ಭೂಗೋಳದ ನಕ್ಷೆ ಕಷ್ಟ, ಭೂಗೋಳ ಓದಿದವರಿಗೆ ಶಾಸನ ಗೊತ್ತಿರಲ್ಲ. ಗೊತ್ತಿಲ್ಲದ ಭಾಗ ಬಂದಾಗ ಯಾರೇ ಆಗಲಿ ಪುಸ್ತಕದಲ್ಲಿ ಇದ್ದದ್ದನ್ನೇ ಓದಿ, ಮುಖ್ಯ ಸಾಲಿಗೆ ಗೆರೆ ಹಾಕಿಸಿ ಮುಂದೆ ಹೋಗ್ತಾರೆ. ವಾರಕ್ಕೆ ಸಿಗೋ ಪೀರಿಯಡ್‌ಗಳಲ್ಲಿ ಆರೂ ಭಾಗ ಮುಗಿಸಬೇಕು, ರಿವಿಷನ್ ಮಾಡಿಸಬೇಕು, ಪರೀಕ್ಷೆಗೆ ತಯಾರು ಮಾಡಬೇಕು. ಇಷ್ಟರಲ್ಲಿ ಇತಿಹಾಸಕ್ಕೆ ಉಳಿಯೋ ಸಮಯ ಎಷ್ಟು ಅಂತ ಯಾರು ಬೇಕಾದರೂ ಲೆಕ್ಕ ಹಾಕಬಹುದು.

ಬಿ.ಇಡಿ.ಯಲ್ಲಿ ಏನು ಕಲಿಸ್ತಾರೆ?

ಹೈಸ್ಕೂಲ್ ಮೇಷ್ಟ್ರಾಗಬೇಕು ಅಂದ್ರೆ ಡಿಗ್ರಿ ಜೊತೆ ಬಿ.ಇಡಿ ಆಗಿರಬೇಕು. ಮೊದಲು ಇದು ಒಂದು ವರ್ಷದ ಕೋರ್ಸ್ ಆಗಿತ್ತು. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು, ಅಂದ್ರೆ ಎನ್‌ಸಿಟಿಇ, 2014ರಲ್ಲಿ ನಿಯಮ ಬದಲಿಸಿತು. 2015-16ರಿಂದ ಬಿ.ಇಡಿ ಎರಡು ವರ್ಷದ ಕೋರ್ಸ್ ಆಯ್ತು. ಈ ಎರಡು ವರ್ಷದಲ್ಲಿ ಒಟ್ಟು 20 ವಾರ ಶಾಲೆಗಳಲ್ಲೇ ಇದ್ದು ಕೆಲಸ ಕಲೀಬೇಕು ಅಂತ ನಿಯಮ. ಮೊದಲ ವರ್ಷ 4 ವಾರ, ಎರಡನೇ ವರ್ಷ 16 ವಾರ. ಇದನ್ನೇ ಇಂಟರ್ನ್‌ಶಿಪ್ ಅನ್ನೋದು. ನಮ್ಮ ಶಾಲೆಗಳಿಗೆ ಆಗಾಗ ಬರುವ ‘ಬಿ.ಇಡಿ ಮೇಡಂ’, ‘ಬಿ.ಇಡಿ ಸರ್’ ಇವರೇ.

ಕಾಲೇಜಿನಲ್ಲಿ ಮೊದಲು ಸೂಕ್ಷ್ಮ ಬೋಧನೆ ಮಾಡಿಸ್ತಾರೆ. ಐದಾರು ನಿಮಿಷದ ಪುಟ್ಟ ಪಾಠ. ಎದುರಿಗೆ ಮಕ್ಕಳ ಬದಲು ಕ್ಲಾಸ್‌ಮೇಟ್‌ಗಳೇ ಕೂತಿರ್ತಾರೆ. ಪ್ರಶ್ನೆ ಕೇಳೋದು, ಬೋರ್ಡ್ ಬಳಸೋದು, ಉದಾಹರಣೆ ಕೊಡೋದು, ಹೀಗೆ ಒಂದು ಸಲಕ್ಕೆ ಒಂದೇ ಕೌಶಲ ಅಭ್ಯಾಸ. ಆಮೇಲೆ ಪಾಠ ಯೋಜನೆ ಬರೆಯೋದು. ಉದ್ದೇಶ, ಬೋಧನೋಪಕರಣ, ಚಟುವಟಿಕೆ, ಮೌಲ್ಯಮಾಪನ ಅಂತ ಕಾಲಂ ಹಾಕಿ ಪುಟಗಟ್ಟಲೆ ಬರೀಬೇಕು. ಚಾರ್ಟ್ ಮಾಡಬೇಕು, ಮಾಡೆಲ್ ಮಾಡಬೇಕು, ರೆಕಾರ್ಡ್ ಬುಕ್‌ಗೆ ಸಹಿ ಹಾಕಿಸಬೇಕು.

ಇದ್ಯಾವುದೂ ವ್ಯರ್ಥ ಅಲ್ಲ. ಮೊದಲ ದಿನ ಐವತ್ತು ಮಕ್ಕಳ ಎದುರು ನಿಂತಾಗ ಕಾಲು ನಡುಗದೇ ಇರೋಕೆ ಇದೇ ಸಹಾಯ ಮಾಡೋದು. ಆದರೆ ಇದು ಹೇಗೆ ಪಾಠ ಮಾಡಬೇಕು ಅನ್ನೋದರ ತರಬೇತಿ. ಇತಿಹಾಸ ಅನ್ನೋ ವಿಷಯ ಹೇಗೆ ಹುಟ್ಟುತ್ತೆ, ‘ಹೀಗೇ ನಡೀತು ಅಂತ ನಮಗೆ ಹೇಗೆ ಗೊತ್ತು?’ ಅನ್ನೋ ಪ್ರಶ್ನೆಗೆ ಉತ್ತರ ಹುಡುಕೋದು ಹೇಗೆ ಅನ್ನೋ ಅಭ್ಯಾಸಕ್ಕೆ ಅದರಲ್ಲಿ ಸಿಗೋ ಜಾಗ ಕಡಿಮೆ. ಡಿಗ್ರಿಯಲ್ಲೂ ನೋಟ್ಸ್ ಓದಿ ಪಾಸಾಗಿದ್ದರೆ, ಒಂದೇ ಒಂದು ಶಾಸನವನ್ನೂ ಹತ್ತಿರ ನಿಂತು ನೋಡದೆ ಇತಿಹಾಸದ ಮೇಷ್ಟ್ರಾಗಿಬಿಡಬಹುದು.

ಇನ್ನೊಂದು ವಿಷಯ ಪೋಷಕರಿಗೆ ಗೊತ್ತಿರಲಿ. ಶಿಕ್ಷಕರ ಅರ್ಹತಾ ಪರೀಕ್ಷೆ, ಅಂದ್ರೆ ಟಿಇಟಿ, ಇರೋದು 1ರಿಂದ 8ನೇ ತರಗತಿವರೆಗೆ ಕಲಿಸುವವರಿಗೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಅದನ್ನು ಎಲ್ಲ ಹಂತಕ್ಕೂ ವಿಸ್ತರಿಸಬೇಕು ಅಂದಿದೆ. 2030ರ ಹೊತ್ತಿಗೆ ಮೇಷ್ಟ್ರಾಗಲು ಕನಿಷ್ಠ ಅರ್ಹತೆ ನಾಲ್ಕು ವರ್ಷದ ಸಂಯೋಜಿತ ಬಿ.ಇಡಿ ಆಗಬೇಕು ಅಂತಲೂ ಅದೇ ನೀತಿ ಹೇಳುತ್ತೆ. ಪಿಯುಸಿ ಆದ ಮೇಲೆ ಡಿಗ್ರಿ, ಬಿ.ಇಡಿ ಎರಡನ್ನೂ ಒಟ್ಟಿಗೆ ಓದುವ ಈ ಪದ್ಧತಿ ನಮ್ಮ ರಾಜ್ಯಕ್ಕೆ ಹೊಸದೇನಲ್ಲ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ದಶಕಗಳಿಂದ ಇದೆ. ಆದರೆ ಕೋರ್ಸು ಒಂದು ವರ್ಷವೋ, ಎರಡೋ, ನಾಲ್ಕೋ, ಒಳಗೆ ಏನು ಕಲಿಸ್ತಾರೆ ಅನ್ನೋದು ಮುಖ್ಯ.

ಐನೂರರ ನೋಟು ನೋಡಿದ ಹಾಗೆ

ಇತಿಹಾಸ ಕಲಿಸೋದು ಅಂದ್ರೆ ಏನು ಅನ್ನೋದನ್ನ ಪೇಟೆಯ ಅಂಗಡಿಯವರಿಗೆ ಬಹಳ ವಿವರಿಸಬೇಕಿಲ್ಲ. ಸಂಜೆ ರಶ್‌ನಲ್ಲಿ ಯಾರೋ ಐನೂರರ ನೋಟು ಕೊಟ್ಟರು ಅಂದ್ಕೊಳ್ಳಿ. ಏನು ಮಾಡ್ತೀರಿ? ಬೆಳಕಿಗೆ ಹಿಡಿದು ಗಾಂಧೀಜಿ ಚಿತ್ರದ ನೆರಳು ಇದೆಯಾ ನೋಡ್ತೀರಿ. ದಾರ ಇದೆಯಾ ನೋಡ್ತೀರಿ. ಕೈಯಲ್ಲಿ ಸವರಿ ಕಾಗದ ನೋಡ್ತೀರಿ. ಅನುಮಾನ ಬಂದರೆ ಗಲ್ಲಾದಲ್ಲಿರೋ ಇನ್ನೊಂದು ನೋಟಿನ ಪಕ್ಕ ಇಟ್ಟು ನೋಡ್ತೀರಿ. ಕೊಟ್ಟವರು ಯಾರು ಅಂತಲೂ ನೋಡ್ತೀರಿ.

ಇತಿಹಾಸಕಾರರು ಮಾಡೋದೂ ಹೆಚ್ಚುಕಡಿಮೆ ಇದೇ ಕೆಲಸ. ಒಂದು ಶಾಸನ, ಒಂದು ಪತ್ರ, ಒಂದು ನಾಣ್ಯ ಕೈಗೆ ಸಿಕ್ಕಾಗ ಇದು ಯಾವ ಕಾಲದ್ದು, ಬರೆಸಿದವರು ಯಾರು, ಯಾಕೆ ಬರೆಸಿದರು, ಬೇರೆ ಆಧಾರ ಇದಕ್ಕೆ ಹೊಂದುತ್ತಾ ಅಂತ ಕೇಳ್ತಾರೆ. ನಮ್ಮ 8ನೇ ತರಗತಿ ಪುಸ್ತಕದಲ್ಲಿ ಇತಿಹಾಸ ಶುರುವಾಗೋದೇ ‘ಆಧಾರಗಳು’ ಅನ್ನೋ ಪಾಠದಿಂದ. ಸಾಹಿತ್ಯದ ಆಧಾರ, ಪುರಾತತ್ವದ ಆಧಾರ ಅಂತ ವಿಂಗಡಣೆ ಇದೆ. ಆದರೆ ಅದನ್ನೂ ‘ಆಧಾರಗಳಲ್ಲಿ ಎಷ್ಟು ವಿಧ? ಯಾವುವು?’ ಅಂತ ಬಾಯಿಪಾಠ ಮಾಡಿಸಿದರೆ ಕೆಲಸ ಕೆಡುತ್ತೆ. ನೋಟಿನ ಗುರುತುಗಳನ್ನ ಬಾಯಿಪಾಠ ಹೇಳುವ ಹುಡುಗನ ಕೈಗೆ ಒಂದು ಸಲವೂ ನೋಟು ಕೊಡದೆ ಗಲ್ಲಾದ ಮೇಲೆ ಕೂರಿಸಿದ ಹಾಗಾಗುತ್ತೆ ಅದು.

ಹೊಸ ಮೇಷ್ಟ್ರಿಗೆ ಇದನ್ನ ಕಲಿಸೋಕೆ ಬೆಂಗಳೂರಿನಿಂದ ಸಂಪನ್ಮೂಲ ವ್ಯಕ್ತಿ ಬರಬೇಕಿಲ್ಲ. ಈ ತಾಲೂಕಿನ ಮೂರು ಊರು ಸಾಕು.

ತಾಳಗುಂದ: ಸಿನಿಮಾದ ಮಯೂರ, ಕಂಬದ ಮಯೂರ

ಮಯೂರ ಅಂದ್ರೆ ನಮ್ಮವರಿಗೆಲ್ಲ ಮೊದಲು ನೆನಪಾಗೋದು ಡಾ. ರಾಜ್‌ಕುಮಾರ್. 1975ರ ಸಿನಿಮಾ, ದೇವುಡು ನರಸಿಂಹಶಾಸ್ತ್ರಿಗಳ ಕಾದಂಬರಿ ಆಧರಿಸಿದ್ದು. ಇವತ್ತಿಗೂ ಟಿವಿಯಲ್ಲಿ ಬಂದರೆ ಜನ ಚಾನೆಲ್ ಬದಲಾಯಿಸಲ್ಲ. ಹಾಗಿದ್ರೆ ಕಾದಂಬರಿ ಬರೆಯೋದಕ್ಕೆ ಮುಂಚೆ ಈ ಮಯೂರನ ಕಥೆ ಎಲ್ಲಿತ್ತು?

ತಾಳಗುಂದದ ಪ್ರಣವೇಶ್ವರ ದೇವಸ್ಥಾನದ ಎದುರಿನ ಕಲ್ಲಿನ ಕಂಬದಲ್ಲಿತ್ತು. ಸಂಸ್ಕೃತದ ಶಾಸನ. ರಚಿಸಿದ ಕವಿಯ ಹೆಸರು ಕುಬ್ಜ. ಮಯೂರಶರ್ಮ ಓದಲು ಗುರುವಿನ ಜೊತೆ ಪಲ್ಲವರ ಕಂಚಿಗೆ ಹೋದದ್ದು, ಅಲ್ಲಿ ಕುದುರೆ ಸವಾರನೊಬ್ಬನ ಜೊತೆ ಜಗಳವಾದದ್ದು, ಆ ಸಿಟ್ಟಿನಲ್ಲಿ ಕತ್ತಿ ಹಿಡಿದು ರಾಜ್ಯ ಕಟ್ಟಿದ್ದು ಅದರಲ್ಲಿದೆ. ಬಿ.ಎಲ್. ರೈಸ್ ತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 7ನೇ ಸಂಪುಟದಲ್ಲಿ, 1902ರಲ್ಲಿ, ಈ ತಾಲೂಕಿನ ಇತರ ಶಾಸನಗಳ ಜೊತೆ ಇದೂ ಅಚ್ಚಾಯ್ತು.

ಇಲ್ಲಿವರೆಗಿನದ್ದು ಮಾಹಿತಿ. ನಿಜವಾದ ಇತಿಹಾಸದ ಪಾಠ ಶುರುವಾಗೋದು ಇಲ್ಲಿಂದ. ಮಯೂರ ಆಳಿದ್ದು 4ನೇ ಶತಮಾನದಲ್ಲಿ. ಶಾಸನ ಬರೆಸಿದ್ದು ಅವನ ವಂಶದ ಶಾಂತಿವರ್ಮನ ಕಾಲದಲ್ಲಿ, 5ನೇ ಶತಮಾನದ ನಡುವೆ. ಅಂದ್ರೆ ನಡುವೆ ಸುಮಾರು ನೂರು ವರ್ಷ. ಬರೆಸಿದವರು ಅದೇ ಮನೆತನದವರು. ‘ನಿಮ್ಮ ಮುತ್ತಾತನ ಬಗ್ಗೆ ನಿಮ್ಮ ಮನೆಯವರೇ ಬರೆದರೆ ಬರೀ ಒಳ್ಳೇದೇ ಬರೀತಾರಾ, ಪೂರ್ತಿ ಬರೀತಾರಾ?’ ಅಂತ ಮೇಷ್ಟ್ರು ಕೇಳಿದರೆ 8ನೇ ಕ್ಲಾಸಿನ ಮಕ್ಕಳೂ ಉತ್ತರ ಕೊಡ್ತಾರೆ. ಹಾಗಂತ ಶಾಸನ ಸುಳ್ಳು ಅಂತ ತಳ್ಳಿಹಾಕೋದೂ ತಪ್ಪು. ಎಷ್ಟನ್ನ ನಂಬಬಹುದು, ಯಾಕೆ ನಂಬಬಹುದು ಅಂತ ಯೋಚಿಸಬೇಕು.

ಇನ್ನೂ ಒಂದಿದೆ. ಕನ್ನಡದ ಅತಿ ಹಳೆಯ ಶಾಸನ ಯಾವುದು ಅಂದ್ರೆ ಎಲ್ಲರೂ ಹೇಳೋದು ಬೇಲೂರು ತಾಲೂಕಿನ ಹಲ್ಮಿಡಿ ಶಾಸನ, ಸುಮಾರು ಕ್ರಿ.ಶ. 450. ಅದನ್ನು 1936ರಲ್ಲಿ ಬೆಳಕಿಗೆ ತಂದವರು ಎಂ.ಎಚ್. ಕೃಷ್ಣ. ಆದರೆ 2013ರಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ತಾಳಗುಂದದಲ್ಲಿ ಉತ್ಖನನ ಮಾಡಿದಾಗ ಸಿಂಹಕಟಾಂಜನದ ಶಾಸನ ಸಿಕ್ಕಿತು. ಇದು ಸುಮಾರು ಕ್ರಿ.ಶ. 370ರದ್ದು, ಹಲ್ಮಿಡಿಗಿಂತ ಹಳೆಯದು ಅನ್ನೋದು ಇಲಾಖೆಯ ಅಭಿಪ್ರಾಯ. ಎಲ್ಲ ವಿದ್ವಾಂಸರೂ ಈ ಕಾಲವನ್ನು ಒಪ್ಪಿಲ್ಲ. ಪರೀಕ್ಷೆಯಲ್ಲಿ ‘ಹಲ್ಮಿಡಿ’ ಅಂತ ಬರೆದರೆ ಅಂಕ ಬರುತ್ತೆ, ಅದು ಸರಿ. ಆದರೆ ಒಂದು ಹೊಸ ಕಲ್ಲು ಸಿಕ್ಕಿದರೆ ಇತಿಹಾಸದ ಉತ್ತರ ಬದಲಾಗಬಹುದು, ಅದಕ್ಕೂ ಮೊದಲು ವಾದ ನಡೆಯುತ್ತೆ ಅನ್ನೋದನ್ನ ನಮ್ಮ ತಾಲೂಕಿನ ಮಕ್ಕಳು ತಮ್ಮ ಊರ ಉದಾಹರಣೆಯಿಂದಲೇ ಕಲೀಬಹುದು.

ಬಳ್ಳಿಗಾವಿ: ರಾಜರಿಲ್ಲದ ಇತಿಹಾಸ

‘ಇತಿಹಾಸ ಅಂದ್ರೆ ಬರೀ ರಾಜರು, ಯುದ್ಧ’ ಅಂತ ಹೇಳುವ ಮಕ್ಕಳನ್ನ ಬಳ್ಳಿಗಾವಿಗೆ ಕರ್ಕೊಂಡು ಹೋಗಬೇಕು. ಕೇದಾರೇಶ್ವರ ಮತ್ತು ತ್ರಿಪುರಾಂತಕೇಶ್ವರ ದೇವಸ್ಥಾನದ ಕೆತ್ತನೆ ನೋಡಿ ಫೋಟೋ ತೆಗೆದುಕೊಂಡು ಬರೋದು ಪ್ರವಾಸ. ಶಾಸನದಲ್ಲಿ ಏನಿದೆ ಅಂತ ಕೇಳಿದರೆ ಅದು ಪಾಠ.

ಅಲ್ಲಿನ ಕೋಡಿಮಠಕ್ಕೆ ಸಂಬಂಧಿಸಿದ 1162ರ ಶಾಸನದಲ್ಲಿ ಮಠದಲ್ಲಿ ಏನೇನು ಕಲಿಸ್ತಿದ್ದರು ಅನ್ನೋ ಪಟ್ಟಿಯೇ ಇದೆ. ವೇದ, ವ್ಯಾಕರಣ, ದರ್ಶನ, ಪುರಾಣ, ಕಾವ್ಯ, ನಾಟಕ. ಬಡವರು, ಅಂಗವಿಕಲರು, ಹಾಡುವವರು, ವಾದ್ಯ ನುಡಿಸುವವರಿಗೆ ಊಟ ಹಾಕುತ್ತಿದ್ದದ್ದು, ರೋಗಿಗಳಿಗೆ ಔಷಧೋಪಚಾರ ಮಾಡುತ್ತಿದ್ದದ್ದು ಕೂಡ ಇದೆ. ಎಂಟುನೂರು ವರ್ಷದ ಹಿಂದಿನ ಒಂದು ಪಠ್ಯಕ್ರಮ ನಮ್ಮ ತಾಲೂಕಿನ ಕಲ್ಲಿನಲ್ಲಿದೆ ಅಂತ ಎಷ್ಟು ಮಕ್ಕಳಿಗೆ ಗೊತ್ತು? ಅದರಲ್ಲಿ ಯಾರು ಓದುತ್ತಿದ್ದರು, ಯಾರಿಗೆ ಓದುವ ಅವಕಾಶ ಇರಲಿಲ್ಲ ಅನ್ನೋ ಪ್ರಶ್ನೆಯನ್ನೂ ಮಕ್ಕಳು ಕೇಳಬೇಕು. ಶಾಸನ ಹೇಳದೇ ಬಿಟ್ಟದ್ದೂ ಇತಿಹಾಸದ ಭಾಗವೇ.

ಅಂಗಡಿಯವರಿಗೆ ಇಷ್ಟವಾಗುವ ಶಾಸನವೂ ಅಲ್ಲಿದೆ. ‘ಅಯ್ಯಾವೊಳೆ ಐನೂರ್ವರು’ ಅನ್ನೋದು ಆ ಕಾಲದ ದೊಡ್ಡ ವರ್ತಕರ ಸಂಘ. ಬಳ್ಳಿಗಾವಿಯ 11ನೇ ಶತಮಾನದ ಶಾಸನವೊಂದು ಈ ವರ್ತಕರು ಯಾವ್ಯಾವ ನಾಡಿಗೆ ಹೋಗ್ತಿದ್ದರು, ಏನೇನು ಮಾರ್ತಿದ್ದರು ಅಂತ ಉದ್ದಕ್ಕೆ ವರ್ಣಿಸುತ್ತೆ. ಆನೆ, ಕುದುರೆ, ರತ್ನ, ಸುಗಂಧದ್ರವ್ಯ, ಎಲ್ಲ ಅದರಲ್ಲಿದೆ. ಇವತ್ತಿನ ಶಿರಾಳಕೊಪ್ಪದ ಸಂತೆ ನೋಡಿದ ಮಕ್ಕಳಿಗೆ ಇದನ್ನ ಹೇಳಿದರೆ ವ್ಯವಹಾರ ಅಧ್ಯಯನವೂ ಆಯ್ತು, ಇತಿಹಾಸವೂ ಆಯ್ತು. ಆರು ಭಾಗ ಮುಗಿಸಬೇಕು ಅಂತ ಒದ್ದಾಡುವ ಮೇಷ್ಟ್ರಿಗೆ ಎರಡು ಪಾಠ ಒಂದೇ ಏಟಿಗೆ.

ಬಳ್ಳಿಗಾವಿಯ ಗಂಡಭೇರುಂಡ ಕಂಬವನ್ನಂತೂ ಬಿಡಲೇಬಾರದು. ಅದು 1047ರದ್ದು. ಕರ್ನಾಟಕದ ರಾಜ್ಯ ಲಾಂಛನದಲ್ಲಿರೋದೂ ಅದೇ ಎರಡು ತಲೆಯ ಹಕ್ಕಿ. ಸರ್ಕಾರಿ ಪತ್ರಗಳ ಮೇಲೆ ದಿನಾ ನೋಡುವ ಚಿತ್ರಕ್ಕೆ ಸಾವಿರ ವರ್ಷದ ನೆಂಟಸ್ತನ ನಮ್ಮ ತಾಲೂಕಿನಲ್ಲೇ ಇದೆ.

ಈಸೂರು: ಕಷ್ಟದ ಪಾಠ

ಮೂರನೇದು ಈಸೂರು. ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಅನ್ನೋ ಮಾತು ಈ ಭಾಗದಲ್ಲಿ ಗೊತ್ತಿಲ್ಲದವರಿಲ್ಲ. 1942ರ ಕ್ವಿಟ್ ಇಂಡಿಯಾ ಚಳವಳಿ ಸಮಯದಲ್ಲಿ ಊರಿನವರು ವೀರಭದ್ರೇಶ್ವರ ದೇವಸ್ಥಾನದ ಮೇಲೆ ಬಾವುಟ ಹಾರಿಸಿ ತಮ್ಮದೇ ಸರ್ಕಾರ ಮಾಡಿಕೊಂಡರು. ಹುಡುಗರನ್ನೇ ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಅಂತ ನೇಮಿಸಿದರು. ಸೆಪ್ಟೆಂಬರ್ 28ರಂದು ಸರ್ಕಾರಿ ಅಧಿಕಾರಿಗಳು, ಪೊಲೀಸರು ಊರಿಗೆ ಬಂದಾಗ ಘರ್ಷಣೆ ಆಯ್ತು. ಅಮಲ್ದಾರ ಚೆನ್ನಕೃಷ್ಣಪ್ಪ, ಸಬ್ ಇನ್ಸ್‌ಪೆಕ್ಟರ್ ಕೆಂಚೇಗೌಡ ಇಬ್ಬರೂ ಸತ್ತರು. ನಂತರ ಊರಿನ ಮೇಲೆ ದಮನ ನಡೀತು, ಜನ ಕಾಡು ಸೇರಿದರು. ಹೆಂಗಸರೂ ಸೇರಿ ಹಲವರಿಗೆ ಶಿಕ್ಷೆ ಆಯ್ತು. ಗುರಪ್ಪ, ಜೀನಹಳ್ಳಿ ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಬಡಕಳ್ಳಿ ಹಾಲಪ್ಪ, ಗೌಡ್ರ ಶಂಕರಪ್ಪ, ಈ ಐವರನ್ನು 1943ರ ಮಾರ್ಚ್‌ನಲ್ಲಿ ಗಲ್ಲಿಗೇರಿಸಲಾಯಿತು.

ಆಗಸ್ಟ್ 15ರ ಭಾಷಣದಲ್ಲಿ ಈಸೂರಿನ ಹೆಸರು ಬರುತ್ತೆ, ಚಪ್ಪಾಳೆಯೂ ಬೀಳುತ್ತೆ. ತರಗತಿಯಲ್ಲಿ ಇದನ್ನ ಕಲಿಸೋದು ಮಾತ್ರ ಅಷ್ಟು ಸುಲಭ ಅಲ್ಲ. ಚುರುಕಾದ ಹುಡುಗಿಯೊಬ್ಬಳು ಎದ್ದು ನಿಂತು ಕೇಳಬಹುದು, ‘ಸರ್, ಈಸೂರು ಮೈಸೂರು ಸಂಸ್ಥಾನದಲ್ಲಿತ್ತಲ್ಲ, ಇಲ್ಲಿ ಆಳ್ತಿದ್ದವರು ಮಹಾರಾಜರಲ್ವಾ? ಬ್ರಿಟಿಷರ ವಿರುದ್ಧ ಹೋರಾಟ ಇಲ್ಲಿ ಹೇಗೆ ಬಂತು?’ ಪಠ್ಯಪುಸ್ತಕದ ಎರಡು ಬೇರೆ ಬೇರೆ ಪಾಠಗಳನ್ನ ಜೋಡಿಸುವ ಪ್ರಶ್ನೆ ಇದು. ಸಂಸ್ಥಾನ ಬ್ರಿಟಿಷರ ಅಧೀನದಲ್ಲಿತ್ತು, ಮೈಸೂರಿನಲ್ಲೂ ಕಾಂಗ್ರೆಸ್ ಚಳವಳಿ ಇತ್ತು, ಕಂದಾಯ ವಸೂಲಿಗೆ ಬಂದವರು ಸಂಸ್ಥಾನದ ಅಧಿಕಾರಿಗಳು ಅಂತೆಲ್ಲ ಬಿಡಿಸಿ ಹೇಳಬೇಕು.

ಇನ್ನೊಬ್ಬ ಕೇಳಬಹುದು, ‘ಸತ್ತ ಆ ಇಬ್ಬರು ಅಧಿಕಾರಿಗಳೂ ನಮ್ಮವರೇ ಅಲ್ವಾ ಸರ್?’ ಇಲ್ಲಿ ಹೊಸ ಮೇಷ್ಟ್ರು ಗಾಬರಿ ಬೀಳೋದು ಸಹಜ. ‘ಅದೆಲ್ಲ ಪರೀಕ್ಷೆಗೆ ಬರಲ್ಲ, ಕೂತ್ಕೋ’ ಅಂದರೆ ಕಥೆ ಮುಗೀತು, ಆ ಹುಡುಗ ಮತ್ತೆ ಪ್ರಶ್ನೆ ಕೇಳಲ್ಲ. ಹುತಾತ್ಮರ ತ್ಯಾಗ ಕಡಿಮೆ ಮಾಡದೆ, ಸತ್ತವರನ್ನ ರಾಕ್ಷಸರನ್ನಾಗಿಯೂ ಮಾಡದೆ, ಆ ದಿನ ಅಲ್ಲಿ ನಿಂತಿದ್ದವರಿಗೆಲ್ಲ ಏನನ್ನಿಸಿರಬಹುದು ಅಂತ ಮಕ್ಕಳನ್ನೇ ಯೋಚಿಸಲು ಹಚ್ಚೋದು ಒಂದು ಕಲೆ. ಅದಕ್ಕೆ ಅಭ್ಯಾಸ ಬೇಕು. ಬಿ.ಇಡಿ ಇಂಟರ್ನ್‌ಶಿಪ್‌ಗೆ ಈ ತಾಲೂಕಿಗೆ ಬರುವ ಅಭ್ಯರ್ಥಿಗಳಿಗೆ ಇಂಥ ಒಂದು ಪಾಠವನ್ನಾದರೂ ಹಿರಿಯ ಶಿಕ್ಷಕರ ಎದುರು ಮಾಡಿಸಿದರೆ ಹತ್ತು ಚಾರ್ಟ್ ಬರೆದಿದ್ದಕ್ಕಿಂತ ಹೆಚ್ಚು ಪ್ರಯೋಜನ.

ಪುಸ್ತಕದ ಜಗಳ, ವಾಟ್ಸಪ್ ಇತಿಹಾಸ

ಇತಿಹಾಸದ ಪಾಠ ಸುದ್ದಿಯಾಗೋದು ಸಾಮಾನ್ಯವಾಗಿ ಪಠ್ಯಪುಸ್ತಕ ಬದಲಾದಾಗ ಮಾತ್ರ. 2022ರಲ್ಲಿ ಪರಿಷ್ಕರಣೆ ವಿಚಾರಕ್ಕೆ ರಾಜ್ಯದಲ್ಲಿ ದೊಡ್ಡ ಗಲಾಟೆಯಾಯ್ತು. 2023ರಲ್ಲಿ ಸರ್ಕಾರ ಬದಲಾದ ಮೇಲೆ ಕೆಲವು ಪಾಠ ತೆಗೆದರು, ಕೆಲವು ಸೇರಿಸಿದರು, ಮತ್ತೆ ಚರ್ಚೆ. ಯಾರ ಪಾಠ ಇರಬೇಕು ಅನ್ನೋದು ಸಣ್ಣ ವಿಷಯ ಅಲ್ಲ. ಆದರೆ ಪುಸ್ತಕ ಯಾವುದೇ ಇರಲಿ, ಅದನ್ನ ಗೆರೆ ಹಾಕಿಸಿ ಓದಿಸುವ ಪದ್ಧತಿ ಬದಲಾಗದಿದ್ದರೆ ಮಕ್ಕಳ ತಲೆಗೆ ಹೋಗೋದು ಅಷ್ಟಕ್ಕಷ್ಟೆ.

ಅದೂ ಅಲ್ಲದೆ ಈಗಿನ ಮಕ್ಕಳಿಗೆ ಇತಿಹಾಸ ಸಿಗೋದು ಪುಸ್ತಕದಿಂದ ಮಾತ್ರ ಅಲ್ಲ. ಮೊಬೈಲ್‌ನಲ್ಲಿ ದಿನಾ ಒಂದು ರೀಲ್ಸ್, ಒಂದು ಫಾರ್ವರ್ಡ್. ‘ನಿಮಗೆ ಮುಚ್ಚಿಟ್ಟ ಸತ್ಯ’ ಅಂತ ಶುರುವಾಗುತ್ತೆ. ಯಾವ ಕಾಲದ್ದು, ಯಾರು ಬರೆದದ್ದು, ಆಧಾರ ಏನು, ಒಂದೂ ಇರಲ್ಲ. ಒಂದು ಹಬ್ಬದ ಹಿಂದಿನ ದಿನ, ಒಂದು ಎಲೆಕ್ಷನ್ ಹತ್ತಿರ ಬಂದಾಗ ಇಂಥ ಮೆಸೇಜ್ ಊರಿನಲ್ಲಿ ಏನು ಮಾಡಬಹುದು ಅಂತ ಪೇಟೆಯಲ್ಲಿ ಅಂಗಡಿ ಇಟ್ಟವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗಲಾಟೆ ಆದರೆ ಮೊದಲು ಶಟರ್ ಎಳೆಯೋದು ಅವರೇ. ‘ಹೀಗೇ ನಡೀತು ಅಂತ ನಮಗೆ ಹೇಗೆ ಗೊತ್ತು?’ ಅಂತ ಕೇಳೋಕೆ ಕಲಿತ ಹುಡುಗ ಫಾರ್ವರ್ಡ್ ಒತ್ತುವ ಮೊದಲು ಒಂದು ನಿಮಿಷ ನಿಲ್ತಾನೆ. ಹೈಸ್ಕೂಲಿನ ಇತಿಹಾಸದ ಪೀರಿಯಡ್‌ನಿಂದ ಊರಿಗೆ ಆಗುವ ಲಾಭ ಇದು.

ಅಂಕ ಕಡಿಮೆ ಬರುತ್ತಾ?

ಪೋಷಕರ ಮೊದಲ ಪ್ರಶ್ನೆ ಇದೇ ಇರುತ್ತೆ, ಅದು ತಪ್ಪೂ ಅಲ್ಲ. ಎಸ್‌ಎಸ್‌ಎಲ್‌ಸಿ ಸಮಾಜ ವಿಜ್ಞಾನ 100 ಅಂಕದ್ದು. ಅದರಲ್ಲಿ 80 ಲಿಖಿತ ಪರೀಕ್ಷೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. 80 ಅಂಕಕ್ಕೆ ಓದಲೇಬೇಕು, ಇಸವಿಗಳೂ ಗೊತ್ತಿರಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆಂತರಿಕ ಅಂಕಗಳು ಇರೋದೇ ವರ್ಷಪೂರ್ತಿ ನಡೆಯುವ ರೂಪಣಾತ್ಮಕ ಮೌಲ್ಯಮಾಪನಕ್ಕೆ, ಚಟುವಟಿಕೆಗಳಿಗೆ. ಈಗ ಆ ಚಟುವಟಿಕೆ ಅಂದ್ರೆ ಬಹಳ ಕಡೆ ಪುಸ್ತಕದ ಅಂಗಡಿಯಲ್ಲಿ ಸಿಗುವ ಚಿತ್ರಪಟ ಕತ್ತರಿಸಿ ಪ್ರಾಜೆಕ್ಟ್ ಪುಸ್ತಕಕ್ಕೆ ಅಂಟಿಸೋದು. ಅದರ ಬದಲು ಊರಿನ ಕೆರೆ, ವೀರಗಲ್ಲು, ಮಾಸ್ತಿಗಲ್ಲು, ಹಳೇ ಶಾಲೆಯ ದಾಖಲಾತಿ, ಅಜ್ಜಿ ಹೇಳುವ ಕಥೆಯ ಬಗ್ಗೆ ಎರಡು ಪುಟ ಬರೆಸಿದರೆ ನಿಯಮವೂ ಮುರಿಯಲ್ಲ, ಅಂಕವೂ ಹೋಗಲ್ಲ.

ಕಾರಣ ಗೊತ್ತಿದ್ದರೆ ಇಸವಿ ನೆನಪಿರೋದೂ ಸುಲಭ. ಈಸೂರಿಗೆ ಹೋಗಿ ಹುತಾತ್ಮರ ಹೆಸರು ಓದಿ ಬಂದ ಮಕ್ಕಳಿಗೆ 1942 ಅನ್ನೋದನ್ನ ಗೈಡ್ ನೆನಪಿಸಬೇಕಾಗಿಲ್ಲ.

ಏನು ಮಾಡಬಹುದು?

ದೊಡ್ಡ ಬದಲಾವಣೆ ಎಲ್ಲ ಮೇಲಿನಿಂದಲೇ ಆಗಬೇಕು ಅಂತ ಕಾಯಬೇಕಾಗಿಲ್ಲ. ತಾಲೂಕು ಮಟ್ಟದಲ್ಲೇ ಆಗುವ ಕೆಲಸಗಳಿವೆ.

ಬಿ.ಇಡಿ ಕಾಲೇಜು ಮತ್ತು ಶಾಲೆಗಳು: ಇಂಟರ್ನ್‌ಶಿಪ್‌ಗೆ ಬಂದವರನ್ನ ಖಾಲಿ ಇರುವ ಪೀರಿಯಡ್ ತುಂಬೋಕೆ, ರಿಜಿಸ್ಟರ್ ಬರೆಯೋಕೆ ಮಾತ್ರ ಬಳಸಬಾರದು. 16 ವಾರ ಅಂದ್ರೆ ನಾಲ್ಕು ತಿಂಗಳು. ಅಷ್ಟರಲ್ಲಿ ಒಂದು ಸ್ಥಳೀಯ ಆಧಾರ ಹಿಡಿದು ಒಂದು ಪಾಠ ತಯಾರಿಸಿ ಮಾಡಬೇಕು ಅಂತ ಇಟ್ಟರೆ ಸಾಕು. ಆ ಪಾಠದ ಪ್ರತಿ ಶಾಲೆಯಲ್ಲೇ ಉಳಿಯಲಿ, ಮುಂದೆ ಬರುವವರಿಗೆ ಆಗುತ್ತೆ.

ಹಿರಿಯ ಶಿಕ್ಷಕರು: ಹೊಸಬರು ಮೊದಲ ವರ್ಷ ಒದ್ದಾಡೋದು ವಿಷಯ ಗೊತ್ತಿಲ್ಲದೆ ಮಾತ್ರ ಅಲ್ಲ, ಕೇಳೋಕೆ ಯಾರೂ ಇಲ್ಲದೆ. ತಿಂಗಳಿಗೊಮ್ಮೆ ಹೊಸಬರ ಕ್ಲಾಸಿನಲ್ಲಿ ಹಿಂದೆ ಕೂತು ನೋಡಿ ಎರಡು ಮಾತು ಹೇಳೋದು, ತಮ್ಮ ಕ್ಲಾಸಿಗೂ ಅವರನ್ನ ಕೂರಿಸಿಕೊಳ್ಳೋದು ಯಾವ ತರಬೇತಿಗೂ ಕಡಿಮೆ ಇಲ್ಲ.

ಶಿಕ್ಷಣ ಇಲಾಖೆ: ಸರ್ಕಾರಿ ಹೈಸ್ಕೂಲುಗಳಲ್ಲಿ ಖಾಲಿ ಹುದ್ದೆಗೆ ಅತಿಥಿ ಶಿಕ್ಷಕರನ್ನ ತಗೊಳ್ತಾರೆ. ಮುಂದಿನ ವರ್ಷ ಅದೇ ಶಾಲೆಗೆ ಬರ್ತಾರೆ ಅನ್ನೋ ಖಾತ್ರಿ ಅವರಿಗಿಲ್ಲ. ಹಾಗಿದ್ದೂ ಆ ವರ್ಷದ ಮಕ್ಕಳಿಗೆ ಇತಿಹಾಸ ಕಲಿಸೋದು ಅವರೇ. ತಾಲೂಕಿನಲ್ಲಿ ಸಮಾಜ ವಿಜ್ಞಾನ ಶಿಕ್ಷಕರಿಗೆ ಕಾರ್ಯಾಗಾರ ಮಾಡುವಾಗ ಅವರನ್ನೂ ಕರೆಯಬೇಕು. ಆ ಕಾರ್ಯಾಗಾರ ಹಾಲ್‌ನಲ್ಲಿ ಪಿಪಿಟಿ ತೋರಿಸೋದರ ಬದಲು ತಾಳಗುಂದದ ಕಂಬದ ಮುಂದೆ ನಡೆದರೆ ಊಟದ ಖರ್ಚು ಬಿಟ್ಟು ಹೆಚ್ಚಿನ ಖರ್ಚೇನೂ ಇಲ್ಲ.

ಎಸ್‌ಡಿಎಂಸಿ ಮತ್ತು ಪೋಷಕರು: ವರ್ಷಕ್ಕೊಮ್ಮೆ ದೂರದ ಪ್ರವಾಸದ ಜೊತೆ ಅರ್ಧ ದಿನದ ಒಂದು ಸ್ಥಳೀಯ ಭೇಟಿಗೂ ಒಪ್ಪಿಗೆ ಕೊಡಿ. ಹೋಗುವಾಗ ಒಂದು ಎಚ್ಚರ ಇರಲಿ. ಬಳ್ಳಿಗಾವಿ, ತಾಳಗುಂದದ ಸ್ಮಾರಕಗಳು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಅಕ್ಷರ ಕಾಣಲಿ ಅಂತ ಶಾಸನಕ್ಕೆ ಸುಣ್ಣ, ಚಾಕ್‌ಪೀಸ್ ಹಚ್ಚೋದು, ಕಲ್ಲಿನ ಮೇಲೆ ಹೆಸರು ಕೆತ್ತೋದು ಅಪರಾಧ. ಇದನ್ನ ಮಕ್ಕಳಿಗೆ ಮೊದಲೇ ಹೇಳೋದೂ ಪಾಠವೇ.

ಅಂಗಡಿಯವರು: ಹಳೇ ಅಂಗಡಿಗಳ ಅಟ್ಟದ ಮೇಲೆ ಅಪ್ಪ, ಅಜ್ಜನ ಕಾಲದ ಖಾತೆ ಪುಸ್ತಕ, ರಸೀದಿ, ಲೈಸೆನ್ಸ್, ಫೋಟೋ ಇನ್ನೂ ಇದ್ದರೆ ಗುಜರಿಗೆ ಹಾಕಬೇಡಿ. 1960ರಲ್ಲಿ ಬೆಲ್ಲ, ಅಡಿಕೆ, ಸೀಮೆಎಣ್ಣೆ ಏನು ರೇಟಿತ್ತು, ಯಾವ ಊರಿನವರು ಸಾಲ ಬರೆಸ್ತಿದ್ದರು, ಮಾಲು ಎಲ್ಲಿಂದ ಬರ್ತಿತ್ತು ಅನ್ನೋದು ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ಗಿರಾಕಿಗಳ ಹೆಸರು ಮುಚ್ಚಿ ಒಂದೆರಡು ಪುಟದ ಜೆರಾಕ್ಸ್ ಪಕ್ಕದ ಹೈಸ್ಕೂಲಿನ ಸಮಾಜ ವಿಜ್ಞಾನ ಮೇಷ್ಟ್ರಿಗೆ ಕೊಟ್ಟರೆ ಅದು ಒಂದು ಪೀರಿಯಡ್‌ನ ಪಾಠ ಆಗುತ್ತೆ. ಆ ಮೇಷ್ಟ್ರು ಹೊಸಬರಾಗಿದ್ದರೆ ಹತ್ತು ನಿಮಿಷ ಕೂರಿಸಿ ಲೆಕ್ಕ ಬರೆಯುತ್ತಿದ್ದ ಕ್ರಮವನ್ನೂ ಹೇಳಿಕೊಡಿ. ಅವರಿಗೆ ಅದನ್ನ ಯಾವ ಬಿ.ಇಡಿ ಕಾಲೇಜಿನಲ್ಲೂ ಹೇಳಿಕೊಟ್ಟಿರಲ್ಲ.